ಟೆಕ್ಸಸ್‌ನಲ್ಲಿ ಮನೆ ಕಂದಾಯ: ಎದುರು ಮನೆಯವರಿಗೆ ಕಡಿಮೆ, ನಮಗೇಕೆ ಜಾಸ್ತಿ?

ಪ್ರಶ್ನೆ: 2024ರ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನ ಉತ್ತರಕ್ಕಿರುವ ಹೊಸ ಬಡಾವಣೆಯೊಂದರಲ್ಲಿ ಹೊಸ ಮನೆ ತಗೊಂಡೆವು. ಆ ವರ್ಷದ ಪ್ರಾಪರ್ಟಿ ಟ್ಯಾಕ್ಸ್ 2,160 ಡಾಲರ್ ಬಂತು. 2025ರ ಬಿಲ್ ನೋಡಿದರೆ 9,900! ಈ ಫೆಬ್ರವರಿಯಲ್ಲಿ ಸಾಲ ಕೊಟ್ಟವರು ಕಾಗದ ಕಳಿಸಿದ್ದಾರೆ. ಕಂದಾಯಕ್ಕೆಂದು ಅವರು ತಿಂಗಳ ಕಂತಿನಲ್ಲಿ ಎತ್ತಿಡುವ ಎಸ್ಕ್ರೋ ಖಾತೆಯಲ್ಲಿ ದುಡ್ಡು ಸಾಲದಂತೆ, ತಿಂಗಳ ಕಂತು 1,290 ಡಾಲರ್ ಏರುತ್ತದಂತೆ. ಎದುರು ಮನೆಯೂ ನಮ್ಮದೇ ಪ್ಲಾನ್, ಬೆಲೆಯೂ ಒಂದೇ. ಅವರ ಬಿಲ್ ನಮಗಿಂತ 2,000 ಡಾಲರ್ ಕಡಿಮೆ. 'ಹೋಮ್‌ಸ್ಟೆಡ್ ಹಾಕಿಲ್ವಾ?' ಅಂದರು. ನಾನಿರುವುದು ಎಚ್-1ಬಿ ವೀಸಾದಲ್ಲಿ. ನಮಗೂ ಅದು ಸಿಗುತ್ತದೆಯೇ? ತಡವಾಯಿತೇ? ಬಿಲ್ ಪ್ರತಿ ಜೊತೆಗಿದೆ.

ಉತ್ತರ: ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ. ಹೋಮ್‌ಸ್ಟೆಡ್, ಅಂದರೆ ಸ್ವಂತ ವಾಸದ ಮನೆಗೆ ಕೊಡುವ ಕಂದಾಯ ವಿನಾಯಿತಿ, ನಿಮಗೆ ಸಿಗುತ್ತದೆ. ಟೆಕ್ಸಸ್‌ನಲ್ಲಿ ಅದಕ್ಕೆ ವೀಸಾ ಅಡ್ಡ ಬರುವುದಿಲ್ಲ. ತಡವೂ ಆಗಿಲ್ಲ, 2025ರ ಬಿಲ್‌ನಲ್ಲೇ 2,000 ಡಾಲರ್ ಇಳಿಸಿಕೊಳ್ಳಬಹುದು. ಆದರೆ ಕಂತು 1,290 ಏರಿದ್ದಕ್ಕೆ ದೊಡ್ಡ ಕಾರಣ ಹೋಮ್‌ಸ್ಟೆಡ್ ಅಲ್ಲ. ಅದು ಬೇರೆ ಕಥೆ. ಅಲ್ಲಿಂದಲೇ ಶುರು ಮಾಡೋಣ.

ಇಲ್ಲಿನ ಕಂದಾಯಕ್ಕೆ ಜನವರಿ 1ನೇ ತಾರೀಖೇ ಜೀವ. ಆ ದಿನ ನಿಮ್ಮ ಆಸ್ತಿ ಯಾವ ಸ್ಥಿತಿಯಲ್ಲಿತ್ತೋ ಆ ಸ್ಥಿತಿಗೆ ಬೆಲೆ ಕಟ್ಟುತ್ತಾರೆ. ವರ್ಷವಿಡೀ ಅದೇ ಬೆಲೆ. 2024ರ ಜನವರಿ 1ರಂದು ನಿಮ್ಮ ಮನೆ ಇರಲೇ ಇಲ್ಲ, ಖಾಲಿ ಸೈಟಿತ್ತು. ನಿಮ್ಮ ಬಿಲ್‌ನಲ್ಲಿ ಆ ವರ್ಷದ ಬೆಲೆ 1,20,000 ಡಾಲರ್ ಅಂತಿದೆ ನೋಡಿ. ಅದು ಬರೀ ಮಣ್ಣಿನ ಬೆಲೆ. ನೂರು ಡಾಲರ್‌ಗೆ 1.80 ದರದಲ್ಲಿ 2,160 ಆಯಿತು. 2025ರ ಜನವರಿ 1ರ ಹೊತ್ತಿಗೆ ನೀವು ಗೃಹಪ್ರವೇಶ ಮಾಡಿ, ಹಾಲುಕ್ಕಿಸಿ ಮೂರು ತಿಂಗಳಾಗುತ್ತಾ ಬಂದಿತ್ತು. ಬೆಲೆ 5,50,000 ಆಯಿತು. ಅದೇ ದರ, ಬಿಲ್ 9,900.

ಮಧ್ಯೆ ಸಾಲ ಕೊಟ್ಟವರು ಏನು ಮಾಡಿದರು? ಹಳೆ ಬಿಲ್ ಹಿಡಿದುಕೊಂಡು ತಿಂಗಳಿಗೆ 180 ಡಾಲರ್‌ನಂತೆ ಎತ್ತಿಟ್ಟರು. ವರ್ಷಕ್ಕೆ 2,160 ಸೇರಿತು. ಡಿಸೆಂಬರ್‌ನಲ್ಲಿ ಕಟ್ಟಬೇಕಾದದ್ದು 9,900. ಕೊರತೆ 7,740. ಈಗ ಮುಂದಿನ ವರ್ಷಕ್ಕೆ ತಿಂಗಳಿಗೆ 825 ಬೇಕು, ಹಳೆ ಕೊರತೆಯನ್ನು 12 ತಿಂಗಳಿಗೆ ಹಂಚಿದರೆ ಇನ್ನೊಂದು 645. ಒಟ್ಟು 1,470. ಅದರಲ್ಲಿ ಮೊದಲಿನ 180 ಕಳೆಯಿರಿ. ನಿಮ್ಮ 1,290 ಸಿಕ್ಕಿತು, ಅಲ್ವಾ?

ಯಾರೂ ಮೋಸ ಮಾಡಿಲ್ಲ. ಆದರೆ ಹೊಸ ಮನೆ ತಗೊಳ್ಳುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳುವವರು ಕಡಿಮೆ ಅನ್ನುವುದು ನನ್ನ ದೂರು. ನನ್ನ ಹತ್ತಿರ ಬರುವ ನಮ್ಮವರಲ್ಲಿ ಎಷ್ಟೋ ಜನ ಎರಡನೇ ವರ್ಷದ ಫೆಬ್ರವರಿಯಲ್ಲೇ ಬರುತ್ತಾರೆ, ಕೈಯಲ್ಲಿ ಇದೇ ಥರದ ಕಾಗದ. ಮೊದಲ ವರ್ಷದ ಬಿಲ್ ತೀರಾ ಕಡಿಮೆ ಬಂದರೆ ಖುಷಿಪಡಬೇಡಿ. ಉಳಿದದ್ದನ್ನು ಸುಮ್ನೆ ಒಂದು ಕಡೆ ಎತ್ತಿಡಿ. ನಿಮಗೆ ಈ ಮಾತು ಈಗ ತಡ, ಬೇರೆ ಓದುಗರಿಗಾದರೂ ಆಗಲಿ.

ಈಗ ಎದುರು ಮನೆ ವಿಷಯ.

ನಮ್ಮೂರಿನಲ್ಲಿ ಮನೆ ಕಂದಾಯ ಅಂದರೆ ಒಂದು ಕಚೇರಿ, ಒಂದು ರಸೀದಿ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ ಅಂತ ಅಪ್ಪ ಬೆನ್ನು ಹತ್ತುತ್ತಿದ್ದರು. ಇಲ್ಲಿ ಮೂವರು ಬೇರೆ ಬೇರೆ. ಬೆಲೆ ಕಟ್ಟುವುದು ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್. ದರ ಇಡುವುದು ಸ್ಕೂಲ್ ಡಿಸ್ಟ್ರಿಕ್ಟ್, ಸಿಟಿ, ಕೌಂಟಿ, ಕಮ್ಯುನಿಟಿ ಕಾಲೇಜು ಇವೆಲ್ಲ, ತಮ್ಮ ತಮ್ಮ ಪಾಲಿಗೆ. ದುಡ್ಡು ತೆಗೆದುಕೊಳ್ಳುವುದು ಟ್ಯಾಕ್ಸ್ ಆಫೀಸು. ಬಿಲ್ ಜಾಸ್ತಿ ಬಂತು ಅಂತ ಟ್ಯಾಕ್ಸ್ ಆಫೀಸಿನ ಕೌಂಟರ್‌ನಲ್ಲಿ ನಿಂತು ಜಗಳ ಆಡಿದರೆ ಏನೂ ಆಗುವುದಿಲ್ಲ. ಅವರು ಬರೀ ಕ್ಯಾಷಿಯರ್. ನಿಮಗೆ ಕೆಲಸ ಇರುವುದು ಅಪ್ರೈಸಲ್ ಡಿಸ್ಟ್ರಿಕ್ಟ್ ಜೊತೆ. ಬೆಲೆಯೂ ಅಲ್ಲೇ, ಹೋಮ್‌ಸ್ಟೆಡ್ಡೂ ಅಲ್ಲೇ. ರಾಜ್ಯ ಸರ್ಕಾರಕ್ಕೆ ಇದರಲ್ಲಿ ನೇರ ಪಾಲಿಲ್ಲ. ಟೆಕ್ಸಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸೂ ಇಲ್ಲ. ಅದಕ್ಕೇ ಶಾಲೆಯಿಂದ ರಸ್ತೆವರೆಗೆ ಊರಿನ ಖರ್ಚಿನ ದೊಡ್ಡ ಭಾಗ ಮನೆಯ ಮೇಲೆ ಕೂತಿದೆ. ನಿಮ್ಮ ಬಿಲ್ ನೋಡಿ, ಅರ್ಧಕ್ಕಿಂತ ಜಾಸ್ತಿ ಶಾಲೆಯದ್ದೇ.

ಹೋಮ್‌ಸ್ಟೆಡ್ ಅಂದರೆ 'ಇದು ನಾನೇ ವಾಸ ಇರುವ ಮನೆ' ಅಂತ ಬರೆದುಕೊಡುವುದು. ಅದಕ್ಕೆ ಬದಲಾಗಿ ಮನೆಯ ಬೆಲೆಯಲ್ಲಿ ಒಂದಿಷ್ಟನ್ನು ಲೆಕ್ಕದಿಂದ ಬಿಡುತ್ತಾರೆ. ಬೆಂಗಳೂರಿನಲ್ಲೂ ಇದರ ದೂರದ ನೆಂಟ ಒಂದಿದೆ. ಅಲ್ಲಿ 2008ರಲ್ಲಿ ಬಂದ ಯೂನಿಟ್ ಏರಿಯಾ ಪದ್ಧತಿಯಲ್ಲಿ ಬಾಡಿಗೆ ಕೊಟ್ಟ ಮನೆಗೆ ಒಂದು ದರ, ಸ್ವಂತ ವಾಸಕ್ಕೆ ಅದಕ್ಕಿಂತ ಕಡಿಮೆ ದರ. ಅಲ್ಲಿ ನಾವೇ ಅಳತೆ ಹಾಕಿ ಘೋಷಿಸುತ್ತೇವೆ. ಇಲ್ಲಿ ಬೆಲೆ ಅವರು ಕಟ್ಟುತ್ತಾರೆ, ವಿನಾಯಿತಿ ಮಾತ್ರ ನಾವು ಕೇಳಿ ಪಡೆಯಬೇಕು. ತಾನಾಗಿ ಬರುತ್ತದೆ ಅಂತ ಕಾಯಬೇಡಿ.

ಎಷ್ಟು ಬಿಡುತ್ತಾರೆ? ಸ್ಕೂಲ್ ಟ್ಯಾಕ್ಸ್‌ಗೆ ರಾಜ್ಯವೇ ಒಂದು ಮೊತ್ತ ಗೊತ್ತು ಮಾಡಿದೆ. 2015ರಲ್ಲಿ ಅದು 25,000 ಡಾಲರ್ ಇತ್ತು. 2022ರಲ್ಲಿ 40,000, 2023ರಲ್ಲಿ ಒಂದು ಲಕ್ಷ. 2025ರ ನವೆಂಬರ್‌ನಲ್ಲಿ ಜನ ವೋಟು ಹಾಕಿ 1,40,000ಕ್ಕೆ ಏರಿಸಿದರು. ಅದು 2025ರ ಬಿಲ್‌ಗೇ ಅನ್ವಯ. ಸಿಟಿ, ಕೌಂಟಿ, ಕಾಲೇಜುಗಳು ಬೇಕೆಂದರೆ ಬೆಲೆಯ 20% ತನಕ ಬಿಡಬಹುದು. ಬಿಡಲೇಬೇಕು ಅಂತೇನಿಲ್ಲ. ಅದಕ್ಕೇ ಊರಿಂದ ಊರಿಗೆ ಲೆಕ್ಕ ಬೇರೆ.

ನಿಮ್ಮ ಬಿಲ್‌ನ ದರಗಳನ್ನೇ ಇಟ್ಟುಕೊಂಡು ಮಾಡೋಣ. ಶಾಲೆಯ ದರ 1.05. ಐದೂವರೆ ಲಕ್ಷದಲ್ಲಿ 1,40,000 ಬಿಟ್ಟರೆ 4,10,000 ಉಳಿಯಿತು. ಟ್ಯಾಕ್ಸ್ 4,305 ಡಾಲರ್. ಈಗ ನೀವು ಕಟ್ಟಿರುವುದು 5,775. ಸಿಟಿ 0.45, ಅದು 15% ಬಿಡುತ್ತದೆ. 2,475 ಇದ್ದದ್ದು 2,104ಕ್ಕೆ ಬಂತು. ಕೌಂಟಿ 0.20, ಬಿಡುವುದು 5% ಮಾತ್ರ. 1,100 ಹೋಗಿ 1,045. ಕಾಲೇಜು 0.10, ಬಿಡುವುದು 20%, 550ರ ಬದಲು 440. ಕೂಡಿಸಿದರೆ 7,894. ನಿಮ್ಮ 9,900ಕ್ಕೂ ಇದಕ್ಕೂ ವ್ಯತ್ಯಾಸ 2,006 ಡಾಲರ್. ಎದುರು ಮನೆಯವರು ನಿಮಗಿಂತ ಜಾಣರೂ ಅಲ್ಲ, ಯಾರನ್ನೂ ಹಿಡಿದಿಲ್ಲ. ಒಂದು ಫಾರಂ ತುಂಬಿದ್ದಾರೆ, ಅಷ್ಟೇ.

ಆ ಫಾರಂನ ನಂಬರು 50-114. ನಿಮ್ಮ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಇರುತ್ತದೆ. ಒಂದು ಪೈಸೆ ಶುಲ್ಕ ಇಲ್ಲ. ಮನೆ ತಗೊಂಡ ಹೊಸತರಲ್ಲಿ ಸರ್ಕಾರಿ ಕಾಗದದ ಹಾಗೆ ಕಾಣುವ ಪತ್ರ ಬರುತ್ತವೆ. ಮೇಲೆ ದಪ್ಪಕ್ಷರದಲ್ಲಿ ಹೋಮ್‌ಸ್ಟೆಡ್ ಅಂತಿರುತ್ತದೆ, ಕೆಳಗೆ ಸಣ್ಣದಾಗಿ ಇಷ್ಟು ಡಾಲರ್ ಕಳಿಸಿ ಅಂತ. ಅವನ್ನು ಕಸದ ಬುಟ್ಟಿಗೆ ಹಾಕಿ.

ಎಲ್ಲರೂ ಎಡವುವುದು ಡ್ರೈವಿಂಗ್ ಲೈಸೆನ್ಸ್‌ನಲ್ಲಿ. ಫಾರಂ ಜೊತೆ ಟೆಕ್ಸಸ್ ಲೈಸೆನ್ಸ್ ಅಥವಾ ಐಡಿ ಪ್ರತಿ ಕೊಡಬೇಕು, ಅದರಲ್ಲಿರುವ ವಿಳಾಸ ಇದೇ ಮನೆಯದ್ದಾಗಿರಬೇಕು. ನಮ್ಮವರ ಲೈಸೆನ್ಸ್‌ನಲ್ಲಿ ಹಳೆ ಅಪಾರ್ಟ್‌ಮೆಂಟಿನ ವಿಳಾಸ ವರ್ಷಗಟ್ಟಲೆ ಹಾಗೇ ಇರುತ್ತದೆ. ವೀಸಾ ಮುಗಿಯುವಾಗ ಹೇಗೂ ಹೊಸದು ಮಾಡಿಸಬೇಕಲ್ಲ, ಆಗ ನೋಡೋಣ ಅಂತ ಬಿಟ್ಟಿರುತ್ತಾರೆ. ಮನೆ ಬದಲಿಸಿದ 30 ದಿನದೊಳಗೆ ವಿಳಾಸ ಬದಲಿಸಬೇಕು ಅನ್ನುವುದು ಹೇಗೂ ಕಾನೂನು. ಮೊದಲು ಆ ಕೆಲಸ ಮುಗಿಸಿ, ಆಮೇಲೆ ಫಾರಂ. ವೀಸಾ ಕಾರಣಕ್ಕೆ ಲೈಸೆನ್ಸ್ ಅವಧಿ ಕಡಿಮೆ ಇದ್ದರೂ ತೊಂದರೆಯಿಲ್ಲ. ಇಲ್ಲಿ ಕೇಳುವುದು ಮೂರೇ. ಮನೆ ನಿಮ್ಮ ಹೆಸರಿನಲ್ಲಿದೆಯೇ? ನೀವು ಅಲ್ಲೇ ವಾಸವಿದ್ದೀರಾ? ಬೇರೆ ಕಡೆ ಹೋಮ್‌ಸ್ಟೆಡ್ ತಗೊಂಡಿಲ್ಲ ತಾನೇ? ಗಂಡ ಹೆಂಡತಿ ಸೇರಿ ಒಂದೇ ಮನೆಗೆ ತಗೊಳ್ಳಬಹುದು. ಸ್ನೇಹಿತರ ಮಾತು ಕೇಳಿ ಎಲ್‌ಎಲ್‌ಸಿ ಅನ್ನುವ ಕಂಪನಿಯ ಹೆಸರಿನಲ್ಲಿ ಮನೆ ಕೊಂಡವರಿಗೆ ಇದು ಸಿಗದು.

ಈ ವೀಸಾ ಮಾತು ಎಲ್ಲ ರಾಜ್ಯಕ್ಕೂ ಅಲ್ಲ, ಅದನ್ನು ಒತ್ತಿ ಹೇಳಬೇಕು. ಫ್ಲಾರಿಡಾದಲ್ಲಿ ಅದೇ ಊರಿನಲ್ಲಿ ಕಾಯಂ ನೆಲೆಸುವ ಉದ್ದೇಶ ಇರಬೇಕು ಅನ್ನುತ್ತಾರೆ. ತಾತ್ಕಾಲಿಕ ವೀಸಾದವರಿಗೆ ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಜೊತೆಗಿದ್ದರೆ ಆ ದಾರಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ವಿನಾಯಿತಿ ಬರೀ 7,000 ಡಾಲರ್. ಆದರೆ 1978ರ ಕಾನೂನಿನ ಪ್ರಕಾರ ಅಲ್ಲಿ ಬೆಲೆ ವರ್ಷಕ್ಕೆ 2%ಗಿಂತ ಜಾಸ್ತಿ ಏರುವ ಹಾಗಿಲ್ಲ. ಹಾಗಾಗಿ ಬೇ ಏರಿಯಾದ ಭಾವಮೈದ ವಾಟ್ಸಾಪ್‌ನಲ್ಲಿ ಕೊಟ್ಟ ಸಲಹೆ ಇಲ್ಲಿ ನಡೆಯುವುದಿಲ್ಲ.

ತಡದ ಪ್ರಶ್ನೆ. ಮಾಮೂಲಿ ಗಡುವು ಏಪ್ರಿಲ್ 30. ಅದು ದಾಟಿದರೂ, ಆ ವರ್ಷದ ಟ್ಯಾಕ್ಸ್ ಬಾಕಿ ಎನಿಸಿಕೊಳ್ಳುವ ದಿನದಿಂದ ಎರಡು ವರ್ಷದವರೆಗೆ ಹಾಕಬಹುದು. 2025ರ ಟ್ಯಾಕ್ಸ್ 2026ರ ಫೆಬ್ರವರಿ 1ಕ್ಕೆ ಬಾಕಿ ಎನಿಸುತ್ತದೆ. ಅಂದರೆ ನಿಮಗೆ 2028ರ ಫೆಬ್ರವರಿ 1ರ ತನಕ ಸಮಯವಿದೆ. ಅಷ್ಟು ಕಾಯಬೇಡಿ, ಈ ವಾರವೇ ಹಾಕಿ. ಫಾರಂನಲ್ಲಿ ಯಾವ ವರ್ಷಕ್ಕೆ ಅಂತ ಕೇಳುವ ಜಾಗದಲ್ಲಿ 2025 ಮತ್ತು 2026 ಎರಡನ್ನೂ ತಪ್ಪದೆ ನಮೂದಿಸಿ. ಬರೀ ಈ ವರ್ಷದ್ದು ಬರೆದು ಹೋದ ವರ್ಷದ್ದು ಕಳೆದುಕೊಂಡವರನ್ನು ನೋಡಿದ್ದೇನೆ.

2025 ಯಾಕೆ ಮುಖ್ಯ ಅಂದರೆ ವಾಪಸ್ ಬರುವ ದುಡ್ಡಿಗಷ್ಟೇ ಅಲ್ಲ. ಹೋಮ್‌ಸ್ಟೆಡ್ ಮನೆಯ ಬೆಲೆಯನ್ನು ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸುವ ಹಾಗಿಲ್ಲ. ಈ ಕಡಿವಾಣ ಶುರುವಾಗುವುದು ಹೋಮ್‌ಸ್ಟೆಡ್ ಸಿಕ್ಕ ಮೊದಲ ವರ್ಷದ ಮುಂದಿನ ಜನವರಿ 1ರಿಂದ. 2025ಕ್ಕೆ ಪಡೆದರೆ 2026ರಲ್ಲಿ ನಿಮ್ಮ ಬೆಲೆ 6,05,000 ದಾಟುವ ಹಾಗಿಲ್ಲ, ಮಾರ್ಕೆಟ್ ಬೆಲೆ ಆರೂವರೆ ಲಕ್ಷ ಅಂತ ಅವರು ಬರೆದರೂ ಅಷ್ಟೇ. 2026ಕ್ಕೆ ಮಾತ್ರ ಹಾಕಿದರೆ ಆ ಕಡಿವಾಣ 2027ಕ್ಕೆ ಹೋಯಿತು. ಈಜುಕೊಳ ಕಟ್ಟಿಸಿದರೆ, ರೂಮು ಸೇರಿಸಿದರೆ ಅದರ ಬೆಲೆ ಈ 10%ರ ಹೊರಗೆ ಸೇರುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2022ರ ಸುಮಾರಿಗೆ ಇಲ್ಲಿ ಬೆಲೆ ಹುಚ್ಚು ಹಿಡಿದ ಹಾಗೆ ಏರಿದಾಗ ಹಳಬರನ್ನು ಕಾಪಾಡಿದ್ದು ಈ 10%. ಆಮೇಲೆ ಮಾರ್ಕೆಟ್ ತಣ್ಣಗಾಯಿತು, ಅವರ ಬಿಲ್‌ನ ಬೆಲೆ ಮಾತ್ರ ಏರುತ್ತಲೇ ಹೋಯಿತು. 'ಮನೆ ಬೆಲೆ ಇಳಿದಿದೆ, ಇವರು ಏರಿಸಿದ್ದಾರಲ್ಲ!' ಅಂತ ಸಿಟ್ಟು. ಏನಾಗಿದೆ ಅಂದರೆ, ತಡೆದಿಟ್ಟ ಬೆಲೆ ಮಾರ್ಕೆಟ್ ಬೆಲೆಯನ್ನು ಮುಟ್ಟುವ ತನಕ ಹತ್ತತ್ತು ಪರ್ಸೆಂಟ್ ಹೆಜ್ಜೆ ಹಾಕುತ್ತಲೇ ಇರುತ್ತದೆ. ಮನೆ ಮಾರಿದರೆ ಮುಂದಿನ ಜನವರಿ 1ಕ್ಕೆ ಈ ತಡೆ ಬಿದ್ದುಹೋಗುತ್ತದೆ, ಹೊಸಬರಿಗೆ ಪೂರ್ತಿ ಮಾರ್ಕೆಟ್ ಬೆಲೆ. ಹಳೆ ಮನೆ ಕೊಳ್ಳುವಾಗ ಮಾರುವವರ ಟ್ಯಾಕ್ಸ್ ಬಿಲ್ ನೋಡಿ ಬಜೆಟ್ ಹಾಕಬೇಡಿ ಅನ್ನುವುದು ಇದಕ್ಕೇ.

ಇನ್ನು ನೀವು ಕೇಳದೆ ಇರುವ, ಆದರೆ ಕೇಳಬೇಕಾಗಿದ್ದ ವಿಷಯ: ಬೆಲೆಯೇ ಜಾಸ್ತಿ ಕಟ್ಟಿದ್ದರೆ? ಏಪ್ರಿಲ್ ಹೊತ್ತಿಗೆ 2026ರ ಬೆಲೆಯ ನೋಟಿಸ್ ಬರುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಮೇ 15ರೊಳಗೆ, ಅಥವಾ ನೋಟಿಸ್ ಕಳಿಸಿದ 30 ದಿನದೊಳಗೆ, ಯಾವುದು ಆಮೇಲೆ ಬರುತ್ತದೋ ಅಷ್ಟರಲ್ಲಿ ಪ್ರೊಟೆಸ್ಟ್, ಅಂದರೆ ಬೆಲೆಗೆ ಆಕ್ಷೇಪಣೆ, ಹಾಕಬೇಕು. ಹೆಸರು ಕೇಳಿ ಹೆದರಬೇಡಿ. ಕೋರ್ಟು ಕಚೇರಿ ಅಲ್ಲ ಇದು. ಬಹಳ ಕಡೆ ಆನ್‌ಲೈನಿನಲ್ಲೇ ಆಗುತ್ತದೆ, ಮೊದಲು ಅವರ ಅಪ್ರೈಸರ್ ಜೊತೆ ಮಾತುಕತೆ. ಅಲ್ಲಿ ಹೊಂದದಿದ್ದರೆ ರಿವ್ಯೂ ಬೋರ್ಡ್ ಮುಂದೆ ಸಣ್ಣ ವಿಚಾರಣೆ.

ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರ್ಕಾರಕ್ಕೆ ತಿಳಿಸುವ ಕಡ್ಡಾಯ ಇಲ್ಲ. ಅವರು ಅಂದಾಜಿನಲ್ಲೇ ಬೆಲೆ ಕಟ್ಟುವುದು. 'ಎಷ್ಟಕ್ಕೆ ಕೊಂಡಿರಿ?' ಅಂತ ಕೇಳಿ ಕಾಗದ ಬಂದರೆ ಉತ್ತರಿಸಲೇಬೇಕು ಅಂತಿಲ್ಲ. ಅವರು ಕಟ್ಟಿದ ಬೆಲೆಗಿಂತ ನೀವು ಕಡಿಮೆಗೆ ಕೊಂಡಿದ್ದರೆ ಮಾತ್ರ ಕ್ಲೋಸಿಂಗ್ ಸ್ಟೇಟ್‌ಮೆಂಟ್ (ಖರೀದಿ ಮುಗಿಸುವಾಗ ಕೊಡುವ ಲೆಕ್ಕದ ಕಾಗದ) ನಿಮ್ಮ ಒಳ್ಳೆಯ ಸಾಕ್ಷಿ. ಇನ್ನೊಂದು ದಾರಿ, ನಿಮ್ಮದೇ ಅಳತೆಯ ಅಕ್ಕಪಕ್ಕದ ಮನೆಗಳಿಗೆ ಎಷ್ಟು ಕಟ್ಟಿದ್ದಾರೆ ಅಂತ ಅವರ ವೆಬ್‌ಸೈಟಿನಲ್ಲೇ ಹುಡುಕುವುದು. ನಿಮ್ಮದು ಮಾತ್ರ ಎದ್ದು ಕಂಡರೆ ಅದೇ ವಾದ. ಅವರು ತಮ್ಮ ವಾದಕ್ಕೆ ಇಟ್ಟುಕೊಂಡಿರುವ ಸಾಕ್ಷಿಯ ಪ್ರತಿಯನ್ನು ನೀವು ಕೇಳಿದರೆ ವಿಚಾರಣೆಗೆ 14 ದಿನ ಮೊದಲು ಕೊಡಬೇಕು. ಕೇಳಿ. ಎಷ್ಟೋ ಸಲ ಅದರಲ್ಲೇ ನಮಗೆ ಬೇಕಾದದ್ದು ಸಿಗುತ್ತದೆ.

ಡಲ್ಲಾಸ್ ಸುತ್ತಿನ ನೆಲ ನಮ್ಮ ಗದಗ, ಹುಬ್ಬಳ್ಳಿ ಕಡೆಯ ಎರೆಮಣ್ಣಿನ ಹಾಗೇ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮನೆಯ ಫೌಂಡೇಷನ್ ಜಗ್ಗುತ್ತದೆ. ನನ್ನ ಮೊದಲ ಮನೆಯ ಊಟದ ಕೋಣೆಯಲ್ಲಿ ಬಾಗಿಲ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು ಬಂದಿತ್ತು. ಅದರೊಳಗೆ ಒಂದು ಕ್ವಾರ್ಟರ್ ನಾಣ್ಯ ನಿಲ್ಲಿಸಿ ಫೋಟೊ ತೆಗೆದೆ. ರಿಪೇರಿಯವರ ಕೊಟೇಷನ್ ಜೊತೆ ಇಟ್ಟೆ. ಎದುರಿಗಿದ್ದ ಅಪ್ರೈಸರ್ ನನ್ನ ಉದ್ದನೆಯ ವಾದ ಕೇಳಲೇ ಇಲ್ಲ. ನಾಣ್ಯದ ಫೋಟೊ ನೋಡಿ, ಕೊಟೇಷನ್‌ನ ಮೊತ್ತ ನೋಡಿ, ಬೆಲೆ ಇಳಿಸಿಕೊಟ್ಟರು. 'ನನ್ನ ಟ್ಯಾಕ್ಸ್ ಜಾಸ್ತಿ, ಕಟ್ಟಲು ಆಗಲ್ಲ' ಅಂದಿದ್ದರೆ ಏನೂ ಸಿಗುತ್ತಿರಲಿಲ್ಲ. ಅಲ್ಲಿ ಬೆಲೆಯ ಮಾತು ಮಾತ್ರ ನಡೆಯುತ್ತದೆ. ನಿಮ್ಮದು ಹೊಸ ಮನೆ, ಬಿರುಕು ಬೇಡವೇ ಬೇಡ. ಆದರೆ ಬಿಲ್ಡರ್ ಅದೇ ಬಡಾವಣೆಯಲ್ಲಿ ಈಗ ಎಷ್ಟಕ್ಕೆ ಮಾರುತ್ತಿದ್ದಾನೆ ನೋಡಿ. ಕಡಿಮೆಗೆ ಮಾರುತ್ತಿದ್ದರೆ ಆ ದರಪಟ್ಟಿ ಇಟ್ಟುಕೊಳ್ಳಿ.

ಪ್ರೊಟೆಸ್ಟ್ ಮಾಡಿಕೊಡುವ ಕಂಪನಿಗಳಿವೆ, ಉಳಿದ ಟ್ಯಾಕ್ಸ್‌ನಲ್ಲಿ ಇಷ್ಟು ಪಾಲು ಅಂತ ತಗೊಳ್ಳುತ್ತವೆ. ಸಮಯ ಇಲ್ಲದವರಿಗೆ ಸರಿ. ಒಂದೇ ಮನೆ ಇರುವವರು ಒಂದು ಸಂಜೆ ಕೂತರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಎಸ್ಕ್ರೋ. ಹೋಮ್‌ಸ್ಟೆಡ್ ಮಂಜೂರಾದರೆ 2025ರ ಬಿಲ್ ತಿದ್ದುಪಡಿಯಾಗಿ 2,006 ಡಾಲರ್ ವಾಪಸ್ ಬರುತ್ತದೆ. ಚೆಕ್ ನಿಮಗೆ ಬರುತ್ತದೋ ಸಾಲ ಕೊಟ್ಟವರಿಗೋ ಅಂತ ಟ್ಯಾಕ್ಸ್ ಆಫೀಸಿನಲ್ಲಿ ಕೇಳಿಕೊಳ್ಳಿ. ನಿಮಗೇ ಬಂದರೆ ಖರ್ಚು ಮಾಡದೆ ಎಸ್ಕ್ರೋಗೆ ಹಾಕಿ. ತಿದ್ದಿದ ಬಿಲ್ ಕಳಿಸಿ 'ಎಸ್ಕ್ರೋ ಲೆಕ್ಕ ಮತ್ತೆ ಮಾಡಿ' ಅಂತ ಬರೆದು ಕೇಳಿ. ಕೊರತೆ 7,740ರಿಂದ 5,734ಕ್ಕೆ ಬರುತ್ತದೆ. ಮುಂದಿನ ವರ್ಷದ ಟ್ಯಾಕ್ಸ್‌ಗೆ ತಿಂಗಳಿಗೆ 825ರ ಬದಲು 658 ಸಾಕು. ಕೊರತೆಯನ್ನು 12 ತಿಂಗಳಿಗಲ್ಲ, 24 ತಿಂಗಳಿಗೆ ಹಂಚಿ ಅಂತಲೂ ಕೇಳಿ ನೋಡಿ. ಕೆಲವರು ಒಪ್ಪುತ್ತಾರೆ. ಆಗ ತಿಂಗಳಿಗೆ 658 ಮತ್ತು 239, ಒಟ್ಟು 897. ಅವರು ಹೇಳಿದ 1,470ಕ್ಕೆ ಹೋಲಿಸಿದರೆ ಉಸಿರಾಡಬಹುದು. 2025ರ ಫೆಡರಲ್ ಇನ್‌ಕಮ್ ಟ್ಯಾಕ್ಸ್ ಫೈಲಿಂಗ್‌ನಲ್ಲಿ ಐಟಮೈಸ್ ಮಾಡಿ, ಅಂದರೆ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, 9,900 ತೋರಿಸುವುದಾದರೆ ಈ ವಾಪಸಾತಿಯ ವಿಷಯ ನಿಮ್ಮ ಸಿಪಿಎಗೆ (ಲೆಕ್ಕ ನೋಡುವ ಅಕೌಂಟೆಂಟ್‌ಗೆ) ಹೇಳಿ.

ಕೊನೆಗೆ, ನಮ್ಮವರು ಪದೇ ಪದೇ ಕೇಳುವ ಎರಡು ಮಾತು. ಅಪ್ಪ ಅಮ್ಮನಿಗೆ 65 ದಾಟಿದೆ, ಆರು ತಿಂಗಳು ಬಂದು ಇರುತ್ತಾರೆ, ಹಿರಿಯರ ವಿನಾಯಿತಿ ಸಿಗುತ್ತದಾ? ಇಲ್ಲ. ಶಾಲೆಯ ಲೆಕ್ಕದಲ್ಲಿ ಹಿರಿಯರಿಗೆ ಇನ್ನೂ 60,000 ಡಾಲರ್ ಬಿಡುತ್ತಾರೆ, ಅವರ ಸ್ಕೂಲ್ ಟ್ಯಾಕ್ಸ್ ಮತ್ತೆ ಏರದಂತೆ ನಿಲ್ಲಿಸುತ್ತಾರೆ, ನಿಜ. ಆದರೆ ಮನೆ ಅವರ ಹೆಸರಿನಲ್ಲಿರಬೇಕು, ಅದೇ ಅವರ ಕಾಯಂ ವಾಸದ ಮನೆಯಾಗಿರಬೇಕು. ವಿಸಿಟರ್ ವೀಸಾದಲ್ಲಿ ಬಂದು ಹೋಗುವವರಿಗೆ ಅನ್ವಯಿಸದು.

ಇನ್ನೊಂದು, ಬೆಂಗಳೂರಿಗೆ ವಾಪಸ್ ಹೋಗುವುದು. ತಾತ್ಕಾಲಿಕವಾಗಿ ಹೋಗಿ, ಮರಳಿ ಬರುವ ಉದ್ದೇಶವಿದ್ದು, ಬೇರೆ ಕಡೆ ಕಾಯಂ ಮನೆ ಮಾಡಿಕೊಳ್ಳದೆ ಎರಡು ವರ್ಷದೊಳಗೆ ಬಂದರೆ ಹೋಮ್‌ಸ್ಟೆಡ್ ಉಳಿಯುತ್ತದೆ. ಆದರೆ ಪೂರ್ತಿ ಮನೆ ಬಾಡಿಗೆಗೆ ಕೊಟ್ಟು, ಅಲ್ಲೇ ನೆಲೆಸಿ, ಇಲ್ಲಿ ಹೋಮ್‌ಸ್ಟೆಡ್ ಸುಮ್ನೆ ಇರಲಿ ಅಂತ ಬಿಟ್ಟರೆ ಹಿಂದಿನ 5 ವರ್ಷದ ವ್ಯತ್ಯಾಸವನ್ನು ಕೂಡಿಸಿ ವಸೂಲಿ ಮಾಡಬಹುದು. 2023ರ ಕಾನೂನಿನ ಪ್ರಕಾರ ಪ್ರತಿ ಹೋಮ್‌ಸ್ಟೆಡ್ಡನ್ನೂ ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು, ಅದಕ್ಕೆ ಕಾಗದ ಕಳಿಸುತ್ತಾರೆ. ನಿಮಗೂ 2030ರ ಆಸುಪಾಸಿನಲ್ಲಿ ಒಂದು ಬರುತ್ತದೆ. ಅದನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ.